ಎರಡು ಉಪಗ್ರಹ ಚಿತ್ರ, ಒಂದೇ ನೆಲ: ಬದಲಾವಣೆಯನ್ನು ಗುರುತಿಸಿ ಅಳೆಯುವ ಬಗೆ

ಒಂದು ಕೆರೆಯ ಎರಡು ಉಪಗ್ರಹ ಚಿತ್ರಗಳನ್ನು ಮೊದಲ ಸಲ ಅಕ್ಕಪಕ್ಕ ಇಟ್ಟು ನೋಡಿದ್ದು ನನಗಿನ್ನೂ ನೆನಪಿದೆ. ಏಳು ವರ್ಷಗಳ ಅಂತರದಲ್ಲಿ ಅರ್ಧಕ್ಕರ್ಧ ನೀರು ಕಾಣೆಯಾಗಿತ್ತು. ಕೆರೆ ಸಾಯುತ್ತಿದೆ ಎಂದು ಒಂದು ಪುಟ ಟಿಪ್ಪಣಿಯನ್ನೂ ಬರೆದುಬಿಟ್ಟೆ. ಮರುದಿನ ಚಿತ್ರಗಳ ತಾರೀಖು ನೋಡಿದಾಗ ಎದೆ ಧಸಕ್ಕೆಂದಿತು. ಒಂದು ಚಿತ್ರ ಮಳೆಗಾಲ ಮುಗಿದ ವಾರದ್ದು, ಇನ್ನೊಂದು ಬೇಸಿಗೆಯ ತುದಿಯದ್ದು. ಆ ಕೆರೆ ಪ್ರತಿವರ್ಷವೂ ಹಾಗೇ ಕುಗ್ಗಿ ಮತ್ತೆ ತುಂಬುತ್ತಿತ್ತು. ಟಿಪ್ಪಣಿ ಹರಿದುಹಾಕಿದೆ.

ಎರಡು ಚಿತ್ರಗಳ ನಡುವೆ ವ್ಯತ್ಯಾಸ ಹುಡುಕಲು ಈಗ ಐದು ನಿಮಿಷ ಸಾಕು. ಆ ವ್ಯತ್ಯಾಸ ನೆಲದ್ದೋ, ಋತುವಿನದ್ದೋ, ಮೋಡದ್ದೋ, ಬಿಸಿಲಿನ ಕೋನದ್ದೋ, ಕಡತದೊಳಗಿನ ಲೆಕ್ಕದ್ದೋ ಎಂದು ಬಿಡಿಸಿ ನೋಡುವುದಕ್ಕೆ ಉಳಿದ ಸಮಯವೆಲ್ಲ ಬೇಕು. ಆದ್ದರಿಂದ ಈ ಲೇಖನದಲ್ಲಿ ಗುಂಡಿ ಒತ್ತುವ ವಿವರಕ್ಕಿಂತ ಪರೀಕ್ಷಿಸುವ ವಿವರವೇ ಜಾಸ್ತಿ. ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ: ಇಂಟರ್‌ನೆಟ್ ಇರುವ ಒಂದು ಕಂಪ್ಯೂಟರ್, ಮುಂದೆ ಲೆಕ್ಕ ಹಾಕುವಾಗ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ, ಮತ್ತು ಒಂದು ನೋಟ್‌ಬುಕ್.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

‘ಇಲ್ಲಿ ಏನೇನು ಬದಲಾಗಿದೆ ನೋಡೋಣ’ ಎಂದು ಹೊರಟರೆ ಎಲ್ಲವೂ ಬದಲಾದಂತೆ ಕಾಣುತ್ತದೆ. ಯಾವ ವಸ್ತು, ಯಾವ ಗಡಿಯೊಳಗೆ, ಯಾವ ವರ್ಷದಿಂದ ಯಾವ ವರ್ಷಕ್ಕೆ, ಕನಿಷ್ಠ ಎಷ್ಟು ದೊಡ್ಡ ಬದಲಾವಣೆ ಎಂಬ ನಾಲ್ಕೂ ಪ್ರಶ್ನೆಯಲ್ಲಿ ಇರಲಿ. ‘ಈ ಕಣಿವೆಯಲ್ಲಿ 2017ರಿಂದ 2024ರವರೆಗೆ ಅರ್ಧ ಹೆಕ್ಟೇರಿಗಿಂತ ದೊಡ್ಡದಾದ ಕಾಡು ಎಲ್ಲೆಲ್ಲಿ ಹೋಗಿದೆ?’ ಎಂಬುದು ಉತ್ತರ ಸಿಗುವ ಪ್ರಶ್ನೆ.

ನಾಲ್ಕರಲ್ಲಿ ಎಲ್ಲರೂ ಮರೆಯುವುದು ಕೊನೆಯದನ್ನು. ಉಪಗ್ರಹ ಚಿತ್ರವೆಂದರೆ ಪಿಕ್ಸೆಲ್ ಎಂಬ ಚೌಕಗಳ ಹಾಸು. 10 ಮೀಟರ್ ಚಿತ್ರದಲ್ಲಿ ಒಂದು ಪಿಕ್ಸೆಲ್ 100 ಚದರ ಮೀಟರ್ ನೆಲ, ಅಂದರೆ ಒಂದು ಹೆಕ್ಟೇರಿಗೆ 100 ಪಿಕ್ಸೆಲ್. 30 ಮೀಟರ್ ಚಿತ್ರದಲ್ಲಿ ಒಂದು ಪಿಕ್ಸೆಲ್ 900 ಚದರ ಮೀಟರ್, ಹೆಕ್ಟೇರಿಗೆ ಹನ್ನೊಂದೇ ಪಿಕ್ಸೆಲ್. ಅಂಚಿನ ಪಿಕ್ಸೆಲ್‌ಗಳಲ್ಲಿ ಅರ್ಧ ನೀರು ಅರ್ಧ ದಡ, ಅರ್ಧ ಮರ ಅರ್ಧ ರಸ್ತೆ ಹೀಗೆ ಬೆರಕೆ ಇದ್ದೇ ಇರುತ್ತದೆ. ಸಣ್ಣ ತುಂಡಿನಲ್ಲಿ ಬಹುಪಾಲು ಪಿಕ್ಸೆಲ್‌ಗಳು ಅಂಚಿನವೇ ಆಗಿಬಿಡುತ್ತವೆ. ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಹುಡುಕುತ್ತಿರುವ ಬದಲಾವಣೆ ಕನಿಷ್ಠ ಹತ್ತು ಹದಿನೈದು ಪಿಕ್ಸೆಲ್‌ಗಳನ್ನಾದರೂ ತುಂಬಬೇಕು. ಅದಕ್ಕಿಂತ ಚಿಕ್ಕದನ್ನು ಕಂಡಿದ್ದೇನೆ ಎನ್ನುವಾಗ ನನಗೇ ನಂಬಿಕೆ ಬರುವುದಿಲ್ಲ.

ಹಂತ 2: ಉಪಗ್ರಹ ಆರಿಸಿ

ಸಾಮಾನ್ಯರಿಗೆ ಉಚಿತವಾಗಿ ಸಿಗುವ, ನಂಬಿ ಕೆಲಸ ಮಾಡಬಹುದಾದ ಮೂರು ಮೂಲಗಳ ಮೇಲೆ ಈ ಲೇಖನ ನಿಂತಿದೆ.

ಹಳೆಯ ಕಾಲಕ್ಕೆ ಹೋಗಬೇಕಾದರೆ ಅಮೆರಿಕದ ಲ್ಯಾಂಡ್‌ಸ್ಯಾಟ್. ಮೊದಲ ಉಪಗ್ರಹ ಹಾರಿದ್ದು 1972ರ ಜುಲೈನಲ್ಲಿ. 1984ರಲ್ಲಿ ಹೋದ ಲ್ಯಾಂಡ್‌ಸ್ಯಾಟ್ 5 ಸುಮಾರು ಮೂರು ದಶಕ ದುಡಿಯಿತು. ಈಗ 8 ಮತ್ತು 9ನೆಯವು ಕೆಲಸದಲ್ಲಿವೆ. ಒಂದೊಂದೂ 16 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತದೆ, ಎರಡೂ ಸೇರಿದರೆ 8 ದಿನಕ್ಕೊಮ್ಮೆ. ಪಿಕ್ಸೆಲ್ 30 ಮೀಟರ್. 2008ರಲ್ಲಿ ಈ ಸಂಗ್ರಹವನ್ನು ಎಲ್ಲರಿಗೂ ಉಚಿತವಾಗಿ ತೆರೆದರು. ನೆಲದ ಬದಲಾವಣೆಯ ಅಧ್ಯಯನಕ್ಕೆ ಅಷ್ಟು ದೊಡ್ಡ ಉಪಕಾರವನ್ನು ಇನ್ನಾವ ಒಂದು ನಿರ್ಧಾರವೂ ಮಾಡಿಲ್ಲ ಎಂದೇ ನನ್ನ ಭಾವನೆ. ಅದಕ್ಕೆ ಮುಂಚೆ ಒಂದೊಂದು ಚಿತ್ರಕ್ಕೂ ಹಣ ತೆರಬೇಕಿದ್ದರಿಂದ ಹೆಚ್ಚಿನವರು ಎರಡು ಮೂರು ಚಿತ್ರಗಳಲ್ಲೇ ತೀರ್ಮಾನಕ್ಕೆ ಬರಬೇಕಾಗುತ್ತಿತ್ತು.

ಇತ್ತೀಚಿನ ವರ್ಷಗಳಿಗೆ ಯುರೋಪಿನ ಸೆಂಟಿನೆಲ್ 2. ಮೊದಲನೆಯದು 2015ರ ಜೂನ್‌ನಲ್ಲಿ, ಎರಡನೆಯದು 2017ರ ಮಾರ್ಚ್‌ನಲ್ಲಿ, ಮೂರನೆಯದು 2024ರ ಸೆಪ್ಟೆಂಬರ್‌ನಲ್ಲಿ ಹಾರಿದವು. ಹದಿಮೂರು ಬ್ಯಾಂಡ್‌ಗಳಿವೆ, ಅಂದರೆ ಬೆಳಕಿನ ಹದಿಮೂರು ಪಟ್ಟಿಗಳನ್ನು ಬೇರೆಬೇರೆಯಾಗಿ ದಾಖಲಿಸುತ್ತದೆ. ನೀಲಿ, ಹಸಿರು, ಕೆಂಪು ಮತ್ತು ಕಣ್ಣಿಗೆ ಕಾಣದ ಸಮೀಪದ ಅವಗೆಂಪು (ಮುಂದೆ ಬರೀ ‘ಅವಗೆಂಪು’) 10 ಮೀಟರಿನಲ್ಲಿ, ಉಳಿದವು 20 ಅಥವಾ 60 ಮೀಟರಿನಲ್ಲಿ. ಎರಡು ಉಪಗ್ರಹಗಳ ಜೋಡಿಯಿಂದ ಐದು ದಿನಕ್ಕೊಂದು ಚಿತ್ರ ಸಿಗುತ್ತದೆ. ಹೊಸಬರು ಇದರಿಂದಲೇ ಶುರು ಮಾಡುವುದು ಒಳ್ಳೆಯದು.

ಮೋಡದ ಕಾಲಕ್ಕೆ ಸೆಂಟಿನೆಲ್ 1. ಇದು ಕ್ಯಾಮೆರಾ ಅಲ್ಲ, ರೇಡಾರ್. ಇದರ ಮಾತು ಮುಂದೆ ಬರುತ್ತದೆ.

ದಿನಾದಿನದ ದೊಡ್ಡ ಸಂಗತಿಗಳಿಗೆ, ಅಂದರೆ ಕಾಳ್ಗಿಚ್ಚಿನ ಹೊಗೆ, ದೂಳಿನ ಬಿರುಗಾಳಿ, ಹಿಮದ ಹಾಸು ಇಂಥವಕ್ಕೆ ಮೋಡಿಸ್ ಮತ್ತು ವೀರ್ಸ್ ಎಂಬ ಸೆನ್ಸರ್‌ಗಳ ಚಿತ್ರಗಳಿವೆ. ಪಿಕ್ಸೆಲ್ 250 ಮೀಟರ್ ಅಥವಾ ಅದಕ್ಕಿಂತ ದೊಡ್ಡದು, ಆದರೆ ದಿನವೂ ಬರುತ್ತವೆ. ನಾಸಾದ ವರ್ಲ್ಡ್‌ವ್ಯೂ ಜಾಲತಾಣದಲ್ಲಿ ಸುಮ್ಮನೆ ತೆರೆದು ನೋಡಬಹುದು.

ಹಂತ 3: ತಾರೀಖು ಆರಿಸಿ. ಇಲ್ಲಿ ಅವಸರ ಬೇಡ

ನಿಮ್ಮ ಕೆಲಸ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಈ ಹಂತದಲ್ಲೇ.

ಹೋಲಿಸುವ ಎರಡೂ ಚಿತ್ರಗಳು ವರ್ಷದ ಒಂದೇ ಭಾಗದವಾಗಿರಬೇಕು. 2018ರ ಫೆಬ್ರುವರಿ ಎರಡನೇ ವಾರದ ಚಿತ್ರಕ್ಕೆ 2024ರ ಫೆಬ್ರುವರಿ ಎರಡನೇ ವಾರದ ಚಿತ್ರವೇ ಜೋಡಿ. ಇದರಿಂದ ಏಕಕಾಲಕ್ಕೆ ಎರಡು ತೊಂದರೆ ತಪ್ಪುತ್ತವೆ. ಒಂದು, ಎಲೆ ಉದುರುವುದು, ಬೆಳೆ ಕಟಾವಾಗುವುದು, ಹುಲ್ಲು ಒಣಗುವುದು ಇತ್ಯಾದಿ ಸಹಜ ಏರಿಳಿತ ಎರಡೂ ಚಿತ್ರಗಳಲ್ಲಿ ಸರಿಸುಮಾರು ಒಂದೇ ಮಟ್ಟದಲ್ಲಿರುತ್ತದೆ. ಇನ್ನೊಂದು, ಸೂರ್ಯನ ಎತ್ತರ. ಸೆಂಟಿನೆಲ್ 2 ಪ್ರತಿಸಲವೂ ಸ್ಥಳೀಯ ಸಮಯ ಬೆಳಿಗ್ಗೆ ಹತ್ತೂವರೆಯ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಲ್ಯಾಂಡ್‌ಸ್ಯಾಟ್ ಕೂಡ ಹತ್ತರ ನಂತರವೇ. ಗಂಟೆ ಒಂದೇ ಆದರೂ ಋತು ಬದಲಾದರೆ ಸೂರ್ಯನ ಎತ್ತರ ಬದಲಾಗುತ್ತದೆ. ಆಗ ಬೆಟ್ಟದ ನೆರಳು ಕಣಿವೆಯೊಳಗೆ ಉದ್ದಕ್ಕೆ ಚಾಚಿ, ಕಂಪ್ಯೂಟರಿನ ಕಣ್ಣಿಗೆ ನೀರಿನಂತೆಯೋ ಸುಟ್ಟ ನೆಲದಂತೆಯೋ ತೋರುತ್ತದೆ.

ಋತು ಒಂದೇ ಆದರೆ ಸಾಕೇ? ಸಾಲದು. ಒಂದು ವರ್ಷ ಮಳೆ ಸುರಿದು ಇನ್ನೊಂದು ವರ್ಷ ಬರ ಬಿದ್ದಿದ್ದರೆ ಅದೇ ತಾರೀಖಿನ ಎರಡು ಚಿತ್ರಗಳೂ ಸುಳ್ಳು ಹೇಳುತ್ತವೆ. ಆದ್ದರಿಂದ ಎರಡೇ ವರ್ಷ ಹೋಲಿಸುವುದರ ಬದಲು ನಡುವಿನ ಪ್ರತಿವರ್ಷದಿಂದಲೂ ಒಂದೊಂದು ಚಿತ್ರ ತೆಗೆದುಕೊಳ್ಳಿ. ಎಂಟು ಚಿತ್ರಗಳ ಸಾಲಿನಲ್ಲಿ ಕುಗ್ಗಿ ಹಿಗ್ಗುವ ಕೆರೆಯೂ ಒಂದೇ ದಿಕ್ಕಿನಲ್ಲಿ ಕುಗ್ಗುತ್ತ ಹೋಗುವ ಕೆರೆಯೂ ಬೇರೆಬೇರೆಯಾಗಿ ಕಾಣುತ್ತವೆ. ಎರಡು ಚಿತ್ರಗಳಲ್ಲಿ ಅವೆರಡೂ ಒಂದೇ.

ಮಧ್ಯ ಏಷ್ಯಾದ ಅರಲ್ ಸಮುದ್ರದ ಕತೆ ಜಗತ್ತಿಗೆ ಇಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಇಂಥ ಸಾಲು ಚಿತ್ರಗಳಿಂದ. ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು 1960ರ ದಶಕದಿಂದ ಹತ್ತಿ ಹೊಲಗಳಿಗೆ ತಿರುಗಿಸಿದ ಮೇಲೆ ಸಮುದ್ರ ಒಣಗುತ್ತ ಬಂತು. 2014ರ ಬೇಸಿಗೆಯಲ್ಲಿ ದಕ್ಷಿಣ ಅರಲ್‌ನ ಪೂರ್ವ ಭಾಗ ಪೂರ್ತಿ ಬತ್ತಿದ್ದು ಉಪಗ್ರಹ ಚಿತ್ರದಲ್ಲಿ ದಾಖಲಾಯಿತು. ಆ ಒಂದು ಚಿತ್ರವನ್ನಷ್ಟೇ ನೋಡಿದರೆ ಅರ್ಧ ಕತೆ ತಪ್ಪಿಹೋಗುತ್ತದೆ. ಮುಂದಿನ ವರ್ಷಗಳಲ್ಲಿ ಆ ಭಾಗಕ್ಕೆ ಆಗಾಗ ಸ್ವಲ್ಪ ನೀರು ಮರಳಿದ್ದೂ, 2005ರಲ್ಲಿ ಕೋಕ್ ಅರಲ್ ಅಣೆಕಟ್ಟು ಮುಗಿದ ನಂತರ ಉತ್ತರದ ಚಿಕ್ಕ ಅರಲ್ ಚೇತರಿಸಿಕೊಂಡಿದ್ದೂ ಅದೇ ಸಾಲಿನಲ್ಲಿವೆ.

ಮೋಡದ ಬಗ್ಗೆ ಎರಡು ಮಾತು. ಚಿತ್ರದ ಜೊತೆ ಬರುವ ಮೋಡದ ಶೇಕಡಾವಾರು ಇಡೀ ಚಿತ್ರಕ್ಕೆ ಸೇರಿದ್ದು, ನಿಮ್ಮ ಜಾಗಕ್ಕಲ್ಲ. ಶೇ 60 ಮೋಡ ಎಂದಿರುವ ಚಿತ್ರದಲ್ಲಿ ನಿಮ್ಮ ಕೆರೆ ಬಿಸಿಲಲ್ಲಿ ಹೊಳೆಯುತ್ತಿರಬಹುದು. ಶೇ 5 ಎಂದಿರುವುದರಲ್ಲಿ ಆ ಐದೂ ನಿಮ್ಮ ಕೆರೆಯ ಮೇಲೇ ಕೂತಿರಬಹುದು. ಅಂಕಿ ನೋಡಿ ಚಿತ್ರ ಬಿಡಬೇಡಿ, ತೆರೆದು ನೋಡಿ. ಎರಡನೆಯದು, ಮೋಡಕ್ಕಿಂತ ಅದರ ನೆರಳು ಹೆಚ್ಚು ಮೋಸಗಾರ. ಮೋಡ ಬಿಳಿಯಾಗಿ ಕಣ್ಣಿಗೆ ಹೊಡೆಯುತ್ತದೆ. ನೆರಳು ಸ್ವಲ್ಪ ದೂರದಲ್ಲಿ ಕಪ್ಪಗೆ ಬಿದ್ದು ಹೊಂಡದಂತೆ ಕಾಣುತ್ತದೆ.

ಹಂತ 4: ಲೆಕ್ಕಕ್ಕೆ ಮುಂಚೆ ಬರಿಗಣ್ಣಲ್ಲಿ ನೋಡಿ

ಸೆಂಟಿನೆಲ್ ಚಿತ್ರಗಳು ಸಿಗುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣ ತೆರೆಯಿರಿ. ನಿಮ್ಮ ಜಾಗವನ್ನು ಹುಡುಕಿ, ಸೆಂಟಿನೆಲ್ 2ರ ಎಲ್2ಎ ದತ್ತಾಂಶ ಆರಿಸಿ, ತಾರೀಖು ಕೊಡಿ. ಎಲ್1ಸಿ ಎಂಬುದೂ ಇದೆ. ಅದರಲ್ಲಿ ಗಾಳಿಯ ಮಬ್ಬು, ದೂಳು ಸೇರಿಯೇ ಇರುತ್ತದೆ. ಎಲ್2ಎಯಲ್ಲಿ ಆ ಪರಿಣಾಮವನ್ನು ಕಳೆದು ನೆಲದ ಪ್ರತಿಫಲನವನ್ನಷ್ಟೇ ಉಳಿಸಿರುತ್ತಾರೆ. ಬೇರೆಬೇರೆ ದಿನಗಳನ್ನು ಹೋಲಿಸುವವರಿಗೆ ಬೇಕಾದದ್ದು ಎಲ್2ಎ.

ಮೊದಲ ಚಿತ್ರವನ್ನು ಪಿನ್ ಮಾಡಿ, ಎರಡನೆಯದನ್ನೂ ಪಿನ್ ಮಾಡಿ, ಹೋಲಿಕೆಯ ವಿಭಾಗಕ್ಕೆ ಹೋಗಿ ನಡುವಿನ ಗೆರೆಯನ್ನು ಅತ್ತಿತ್ತ ಎಳೆಯಿರಿ. ಇದನ್ನು ಮೂರು ಬಣ್ಣದ ಜೋಡಣೆಗಳಲ್ಲಿ ಮಾಡಿ.

ಸಹಜ ಬಣ್ಣ ನಮ್ಮ ಕಣ್ಣಿಗೆ ಒಗ್ಗಿದ್ದು, ಆದರೆ ಅದರಲ್ಲಿ ಕಾಡೂ ಆಳದ ನೀರೂ ಹೆಚ್ಚುಕಡಿಮೆ ಒಂದೇ ಕಡುಬಣ್ಣ. ಹುಸಿ ಬಣ್ಣದಲ್ಲಿ ಅವಗೆಂಪನ್ನು ಕೆಂಪಾಗಿ ತೋರಿಸುತ್ತಾರೆ. ಹಸಿರೆಲೆ ಕೆಂಪು ಬೆಳಕನ್ನು ಆಹಾರ ತಯಾರಿಗಾಗಿ ಹೀರಿಕೊಳ್ಳುತ್ತದೆ, ಅವಗೆಂಪನ್ನು ತನ್ನ ಒಳಗಿನ ಕೋಶರಚನೆಯಿಂದಾಗಿ ಬಲವಾಗಿ ಹಿಂದಕ್ಕೆ ಎಸೆಯುತ್ತದೆ. ಹೀಗಾಗಿ ಕಾಡು, ಬೆಳೆ ಎಲ್ಲ ರಕ್ತಗೆಂಪು, ನೀರು ಕಪ್ಪು, ಬರಿ ನೆಲ ಬೂದು. ಮೂರನೆಯದು ಅಲ್ಪತರಂಗದ ಅವಗೆಂಪು (ಸಮೀಪದ ಅವಗೆಂಪಿಗಿಂತ ಉದ್ದ ಅಲೆಯ ಬೆಳಕು) ಸೇರಿದ ಜೋಡಣೆ. ತೇವ ಇದ್ದಲ್ಲಿ ಇದು ಕಪ್ಪಾಗುತ್ತದೆ, ಸುಟ್ಟ ನೆಲವನ್ನು ಎದ್ದು ಕಾಣುವಂತೆ ಮಾಡುತ್ತದೆ, ತೆಳು ಹೊಗೆಯನ್ನೂ ದಾಟಿ ಕೆಳಗಿನದನ್ನು ತೋರಿಸುತ್ತದೆ.

ಈ ಮೂರರಲ್ಲೂ ಅರ್ಧ ಗಂಟೆ ಕಳೆದವರಿಗೆ ಮುಂದೆ ಬರುವ ಸಂಖ್ಯೆಗಳು ಎಲ್ಲಿ ತಪ್ಪುತ್ತಿವೆ ಎಂಬುದು ತಾನಾಗಿ ಹೊಳೆಯುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಕೆರೆಯ ನೀರು ಕಡಿಮೆಯಾಗಿದೆ ಎಂದು ಲೆಕ್ಕ ತೋರಿಸುತ್ತಿದೆ. ಹುಸಿ ಬಣ್ಣದಲ್ಲಿ ನೋಡಿದರೆ ‘ನೀರು ಹೋದ’ ಜಾಗ ಕಡುಗೆಂಪು. ಒಣಗಿದ ಕೆರೆಯಂಗಳ ಅಷ್ಟು ಕೆಂಪಾಗಿರುವುದಿಲ್ಲ. ಅದು ನೀರಿನ ಮೇಲೆ ಹಬ್ಬಿದ ಅಂತರಗಂಗೆಯಂಥ ತೇಲುವ ಕಳೆಯಾಗಿರುವ ಸಂಭವವೇ ಹೆಚ್ಚು. ನೀರು ಕೆಳಗೆ ಹಾಗೇ ಇದೆ. ಕೆರೆಗೆ ತೊಂದರೆಯಾಗಿರುವುದು ನಿಜ, ಆದರೆ ತೊಂದರೆ ಬೇರೆ, ಪರಿಹಾರವೂ ಬೇರೆ.

ಹಂತ 5: ಸಾಕ್ಷಿ ಜಾಗಗಳನ್ನು ಗುರುತು ಮಾಡಿ

ಈ ಹಂತ ಹೊಸಬರಿಗಾಗಿ ಬರೆದ ಪಾಠಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಿಮ್ಮ ಚಿತ್ರದೊಳಗೆ ಈ ವರ್ಷಗಳಲ್ಲಿ ಬದಲಾಗಿರಲು ಸಾಧ್ಯವೇ ಇಲ್ಲದ ಐದಾರು ಜಾಗಗಳನ್ನು ಹುಡುಕಿ: ಬರಿ ಬಂಡೆಯ ಗುಡ್ಡ, ವಿಶಾಲವಾದ ಹಳೆಯ ಕಾಂಕ್ರೀಟ್ ಚಾವಣಿ, ವಿಮಾನದ ರನ್‌ವೇ, ದೊಡ್ಡ ಜಲಾಶಯದ ಆಳವಾದ ನಡುಭಾಗ. ಎರಡೂ ಚಿತ್ರಗಳಲ್ಲಿ ಇವುಗಳ ಪಿಕ್ಸೆಲ್ ಮೌಲ್ಯಗಳನ್ನು ನೋಡಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ನಾನು ಇವನ್ನು ಸಾಕ್ಷಿ ಜಾಗಗಳು ಎನ್ನುತ್ತೇನೆ.

ಬಂಡೆಯೇ ಬದಲಾಗಿದೆ ಎಂದು ಲೆಕ್ಕ ಹೇಳಿದರೆ ತಪ್ಪು ಚಿತ್ರದಲ್ಲಿದೆ. ಆಗ ಮುಂದುವರಿಯದೆ ಕಾರಣ ಹುಡುಕಬೇಕು. ಹೆಚ್ಚಾಗಿ ಸಿಕ್ಕಿಬೀಳುವ ಕಾರಣಗಳು ಇವು.

ಸೆಂಟಿನೆಲ್ 2ರಲ್ಲಿ 2022ರ ಜನವರಿ 25ರಂದು ದತ್ತಾಂಶದ ಸಂಸ್ಕರಣೆ ಬದಲಾಯಿತು. ಅಂದಿನಿಂದ ಪ್ರತಿ ಪಿಕ್ಸೆಲ್ ಸಂಖ್ಯೆಗೆ 1000 ಕೂಡಿಸಿ ಬರೆಯುತ್ತಾರೆ. ಮೊದಲು ಸಂಖ್ಯೆಯನ್ನು 10,000ದಿಂದ ಭಾಗಿಸಿದರೆ ಪ್ರತಿಫಲನ ಸಿಗುತ್ತಿತ್ತು. ಈಗ 1000 ಕಳೆದು ಆಮೇಲೆ ಭಾಗಿಸಬೇಕು. ಇದನ್ನು ಮರೆತರೆ ಏನಾಗುತ್ತದೆ ನೋಡಿ. ಹಚ್ಚಗಿರುವ ಒಂದು ಕಾಡಿನಲ್ಲಿ ಕೆಂಪು 500, ಅವಗೆಂಪು 4500 ಇದ್ದರೆ ಹಸಿರಿನ ಸೂಚ್ಯಂಕ (ಇದರ ಸೂತ್ರ ಹಂತ 6ರಲ್ಲಿದೆ) 0.80. ಅದೇ ಕಾಡು, ಒಂದೆಲೆಯೂ ಅಲುಗಿಲ್ಲ, ಹೊಸ ಕಡತದಲ್ಲಿ 1500 ಮತ್ತು 5500 ಎಂದು ಬರುತ್ತದೆ. ಸೂಚ್ಯಂಕ 0.57. ಇಡೀ ಕಾಡು ಸೊರಗಿಹೋದಂತೆ ನಕ್ಷೆ ಬರುತ್ತದೆ. ಕಡತದ ಹೆಸರಿನಲ್ಲಿ ‘ಎನ್’ ಅಕ್ಷರದ ಮುಂದಿರುವ ನಾಲ್ಕು ಅಂಕಿ ನೋಡಿ. 0400 ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ 1000 ಕಳೆಯಬೇಕು. ಹಳೆಯ ಚಿತ್ರಗಳನ್ನೂ ಹೊಸ ರೀತಿಯಲ್ಲಿ ಮರುಸಂಸ್ಕರಣೆ ಮಾಡಿರುವುದರಿಂದ ತಾರೀಖು ನೋಡಿ ಊಹಿಸಬೇಡಿ, ಪ್ರತಿ ಕಡತದ ಹೆಸರನ್ನೂ ನೋಡಿ.

ಲ್ಯಾಂಡ್‌ಸ್ಯಾಟ್‌ನಲ್ಲಿ ಬ್ಯಾಂಡ್ ಸಂಖ್ಯೆಗಳು ಪೀಳಿಗೆಯಿಂದ ಪೀಳಿಗೆಗೆ ಬೇರೆ. ಲ್ಯಾಂಡ್‌ಸ್ಯಾಟ್ 5ರಲ್ಲಿ ಕೆಂಪು 3, ಅವಗೆಂಪು 4. ಲ್ಯಾಂಡ್‌ಸ್ಯಾಟ್ 8ರಲ್ಲಿ ಕೆಂಪು 4, ಅವಗೆಂಪು 5. ಹಳೆಯ ಸೂತ್ರವನ್ನು ಹಾಗೇ ನಕಲು ಮಾಡಿ ಹೊಸ ಚಿತ್ರಕ್ಕೆ ಹಾಕಿದರೆ ಕೆಂಪು ಬ್ಯಾಂಡ್ ಅವಗೆಂಪಿನ ಜಾಗದಲ್ಲಿ ಕೂರುತ್ತದೆ. ಈಗ ಸಿಗುವ ಎರಡನೇ ಸಂಗ್ರಹದ (ಕಲೆಕ್ಷನ್ 2) ನೆಲದ ಪ್ರತಿಫಲನ ಬೇಕಾದರೆ ಕಡತದ ಸಂಖ್ಯೆಯನ್ನು 0.0000275ರಿಂದ ಗುಣಿಸಿ 0.2 ಕಳೆಯಬೇಕು. ಇನ್ನು ಲ್ಯಾಂಡ್‌ಸ್ಯಾಟ್ 7ರಲ್ಲಿ 2003ರ ಮೇ 31ರಂದು ಒಂದು ಯಾಂತ್ರಿಕ ಭಾಗ ಕೆಟ್ಟುಹೋಯಿತು. ಅಲ್ಲಿಂದ ಮುಂದಿನ ಪ್ರತಿ ಚಿತ್ರದಲ್ಲೂ ಅಂಚಿನತ್ತ ಅಗಲವಾಗುವ ಕಪ್ಪು ಪಟ್ಟೆಗಳಿವೆ, ಒಟ್ಟು ಸುಮಾರು ಶೇ 22ರಷ್ಟು ಭಾಗ ಖಾಲಿ. ಆ ಚಿತ್ರಗಳನ್ನು ಎಸೆಯಬೇಕಿಲ್ಲ. ಪಟ್ಟೆಯನ್ನು ‘ಮಾಹಿತಿ ಇಲ್ಲ’ ಎಂದು ಗುರುತಿಸಿ, ಸೊನ್ನೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಕೊನೆಯ ಕಾರಣ, ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರದಿರುವುದು. ಒಂದೇ ಪಿಕ್ಸೆಲ್ ಜರುಗಿದರೂ ಪ್ರತಿ ರಸ್ತೆ, ಪ್ರತಿ ದಡ, ಪ್ರತಿ ಹೊಲದ ಬದುವಿನ ಗುಂಟ ತೆಳ್ಳನೆಯ ಬದಲಾವಣೆಯ ಗೆರೆ ಮೂಡುತ್ತದೆ. ನಕ್ಷೆಯಲ್ಲಿ ಎಲ್ಲ ವಸ್ತುಗಳಿಗೂ ಒಂದೇ ದಿಕ್ಕಿನಲ್ಲಿ ಅಂಚು ಕಟ್ಟಿದಂತಿದ್ದರೆ ಅದು ಇದೇ ದೋಷ.

ಹಂತ 6: ಸೂಚ್ಯಂಕ ಕಟ್ಟಿ, ಕಳೆಯಿರಿ

ಸೂತ್ರಗಳೆಲ್ಲ ಒಂದೇ ಅಚ್ಚಿನವು: ಎರಡು ಬ್ಯಾಂಡ್‌ಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸುವುದು. ಉತ್ತರ −1ರಿಂದ +1ರೊಳಗೆ ಬರುತ್ತದೆ.

ಹಸಿರಿಗೆ ಎನ್‌ಡಿವಿಐ: (ಅವಗೆಂಪು − ಕೆಂಪು) ÷ (ಅವಗೆಂಪು + ಕೆಂಪು). ಸೆಂಟಿನೆಲ್ 2ರಲ್ಲಿ ಬ್ಯಾಂಡ್ 8 ಮತ್ತು 4.

ನೀರಿಗೆ ಎನ್‌ಡಿಡಬ್ಲ್ಯುಐ: (ಹಸಿರು − ಅವಗೆಂಪು) ÷ (ಹಸಿರು + ಅವಗೆಂಪು). ಬ್ಯಾಂಡ್ 3 ಮತ್ತು 8. ಊರು, ಕಟ್ಟಡಗಳ ನಡುವಿನ ನೀರಿಗೆ ಅವಗೆಂಪಿನ ಬದಲು ಅಲ್ಪತರಂಗದ ಬ್ಯಾಂಡ್ 11 ಹಾಕಿದರೆ ಚಾವಣಿಗಳನ್ನು ನೀರೆಂದು ಎಣಿಸುವ ತಪ್ಪು ಕಡಿಮೆಯಾಗುತ್ತದೆ.

ಬೆಂಕಿಗೆ ಎನ್‌ಬಿಆರ್: ಅವಗೆಂಪು ಮತ್ತು ಅಲ್ಪತರಂಗದ ಬ್ಯಾಂಡ್ 12. ಬೆಂಕಿಗೆ ಮುಂಚಿನ ಮೌಲ್ಯದಿಂದ ನಂತರದ್ದನ್ನು ಕಳೆದರೆ ಸುಟ್ಟ ತೀವ್ರತೆಯ ಅಂದಾಜು ಬರುತ್ತದೆ.

ಬ್ಯಾಂಡ್‌ಗಳ ಕಡತಗಳನ್ನು ಇಳಿಸಿಕೊಂಡು, ಕ್ಯೂಜಿಐಎಸ್‌ನಲ್ಲಿ ಪಿಕ್ಸೆಲ್ ಲೆಕ್ಕ ಮಾಡುವ ರಾಸ್ಟರ್ ಕ್ಯಾಲ್ಕುಲೇಟರ್ ತೆರೆದು, ಎರಡೂ ವರ್ಷಗಳ ಸೂಚ್ಯಂಕ ಕಟ್ಟಿ, ಹೊಸದರಿಂದ ಹಳೆಯದನ್ನು ಕಳೆಯಿರಿ (ಬೆಂಕಿಗೆ ಮಾತ್ರ ಮೇಲೆ ಹೇಳಿದಂತೆ ತಿರುಗಾಮುರುಗಾ). ಕಡತದ ಸಂಖ್ಯೆಗಳನ್ನು ಮೊದಲೇ ಪ್ರತಿಫಲನಕ್ಕೆ ತಿರುಗಿಸಿಕೊಂಡಿರಬೇಕು. ಎಲ್2ಎ ಜೊತೆಗೆ ಬರುವ, ಪ್ರತಿ ಪಿಕ್ಸೆಲ್ ಯಾವ ವರ್ಗದ್ದೆಂದು ಹೇಳುವ ಎಸ್‌ಸಿಎಲ್ ಪದರದಲ್ಲಿ 3 ಎಂದರೆ ಮೋಡದ ನೆರಳು, 8 ಮತ್ತು 9 ಮೋಡ, 10 ತೆಳು ಮೋಡ. ಈ ನಾಲ್ಕು ವರ್ಗಗಳ ಪಿಕ್ಸೆಲ್‌ಗಳನ್ನು ಎರಡೂ ಚಿತ್ರಗಳಿಂದ ತೆಗೆದುಹಾಕಿ.

ಈಗ ಪ್ರಶ್ನೆ ಗಡಿಯದ್ದು. ಸೂಚ್ಯಂಕ ಎಷ್ಟು ಇಳಿದರೆ ಕಾಡು ಹೋಯಿತು ಎನ್ನಬೇಕು? ಅಲ್ಲಿ ಇಲ್ಲಿ ಓದಿದ 0.2ನ್ನೋ 0.3ನ್ನೋ ತಂದು ಕೂರಿಸಬೇಡಿ. ನಿಮ್ಮ ಸಾಕ್ಷಿ ಜಾಗಗಳನ್ನೂ, ಕಡಿಯದೆ ಉಳಿದಿದೆ ಎಂದು ಖಚಿತವಾಗಿ ಗೊತ್ತಿರುವ ಕಾಡಿನ ತುಂಡುಗಳನ್ನೂ ಕೇಳಿ. ಅವುಗಳಲ್ಲಿ ಸೂಚ್ಯಂಕ 0.08ರವರೆಗೆ ಸುಮ್ಮನೆ ಏರಿಳಿಯುತ್ತಿದ್ದರೆ ನಿಮ್ಮ ಗಡಿ ಅದರ ಎರಡು ಮೂರು ಪಟ್ಟು ಆಚೆ ಇರಬೇಕು. ಕಡಿದದ್ದು ಖಚಿತವಿರುವ ಒಂದೆರಡು ತುಂಡುಗಳು ಆ ಗಡಿಯನ್ನು ದಾಟಿ ಸಿಕ್ಕಿಬೀಳುತ್ತವೆಯೇ ಎಂದೂ ನೋಡಿ.

ಕಾಡಿನ ವಿಷಯದಲ್ಲಿ ಇನ್ನೊಂದು ಎಚ್ಚರ. ಮರ ಕಡಿದ ಜಾಗದಲ್ಲಿ ಒಂದು ಮಳೆಗಾಲ ಕಳೆದರೆ ಹುಲ್ಲು, ಪೊದೆ ತುಂಬಿಕೊಳ್ಳುತ್ತದೆ. ಎನ್‌ಡಿವಿಐಗೆ ಹುಲ್ಲೂ ಹಸಿರೇ. ಐದು ವರ್ಷದ ಅಂತರದ ಎರಡು ಚಿತ್ರಗಳಲ್ಲಿ ಕಡಿತ ಪೂರ್ತಿ ಮುಚ್ಚಿಹೋಗಿರಬಹುದು. ಹುಲ್ಲು ಒಣಗಿ ಮರ ಮಾತ್ರ ಹಸಿರಾಗಿರುವ ಕಾಲದ ಚಿತ್ರಗಳನ್ನು ವರ್ಷವರ್ಷವೂ ನೋಡುವುದೇ ಇದಕ್ಕೆ ಮದ್ದು. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಐಎನ್‌ಪಿಇ 1988ರಿಂದ ಅಮೆಜಾನ್ ಕಾಡಿನ ನಾಶವನ್ನು ಪ್ರತಿವರ್ಷ ಬಿಡದೆ ನಕ್ಷೆಗಿಳಿಸುತ್ತಿದೆ. ರೊಂಡೋನಿಯಾ ಪ್ರಾಂತದಲ್ಲಿ ಮುಖ್ಯ ರಸ್ತೆಯಿಂದ ಎಡಬಲಕ್ಕೆ ಮೀನಿನ ಮುಳ್ಳಿನಂತೆ ಕವಲೊಡೆದು ಕಾಡನ್ನು ತಿನ್ನುತ್ತ ಹೋದ ದಾರಿಗಳನ್ನು ಲ್ಯಾಂಡ್‌ಸ್ಯಾಟ್ ಚಿತ್ರಗಳ ಸಾಲಿನಲ್ಲಿ ಒಮ್ಮೆ ನೋಡಿ. ನೋಡಿದವರಿಗೆ ಮರೆಯುವುದು ಕಷ್ಟ.

ಹಂತ 7: ಮೋಡ ಸರಿಯದಿದ್ದರೆ ರೇಡಾರ್

ಪ್ರವಾಹ ಬರುವುದೇ ಮೋಡದ ಕೆಳಗೆ. ಕ್ಯಾಮೆರಾದಂಥ ಉಪಗ್ರಹಗಳು ಆಗ ಕುರುಡು. ಸೆಂಟಿನೆಲ್ 1 ತಾನೇ ಸುಮಾರು ಐದೂವರೆ ಸೆಂಟಿಮೀಟರ್ ಅಲೆಯುದ್ದದ ರೇಡಿಯೊ ಅಲೆ ಕಳಿಸಿ ಮರಳಿ ಬಂದದ್ದನ್ನು ದಾಖಲಿಸುತ್ತದೆ. ಮೋಡವೂ ರಾತ್ರಿಯೂ ಅದಕ್ಕೆ ಅಡ್ಡಿಯಲ್ಲ. ನಿಂತ ನೀರಿನ ನುಣುಪು ಮೈ ಅಲೆಯನ್ನು ಕನ್ನಡಿಯಂತೆ ಆಚೆಗೆ ಚಿಮ್ಮಿಸುವುದರಿಂದ ಉಪಗ್ರಹಕ್ಕೆ ಏನೂ ಮರಳುವುದಿಲ್ಲ, ನೀರು ಕಪ್ಪಾಗಿ ಕಾಣುತ್ತದೆ. ಪ್ರವಾಹಕ್ಕೆ ಮುಂಚಿನ ಚಿತ್ರದಲ್ಲಿ ಬೆಳ್ಳಗಿದ್ದು ನಂತರದ ಚಿತ್ರದಲ್ಲಿ ಕಪ್ಪಾದ ಜಾಗ ಮುಳುಗಿರುವ ಸಾಧ್ಯತೆ ಬಹಳ.

ಸಾಧ್ಯತೆ ಎಂದದ್ದಕ್ಕೆ ಕಾರಣವಿದೆ. ಮರಳು ಹಾಸು, ಡಾಂಬರು ಮೈದಾನ ಕೂಡ ಕಪ್ಪೇ. ಗಾಳಿಗೆ ತೆರೆ ಎದ್ದ ನೀರು ಬೆಳ್ಳಗಾಗುತ್ತದೆ. ಮರಗಳ ಬುಡಕ್ಕೆ ನೀರು ನಿಂತರೆ ಅಲೆ ನೀರಿಗೂ ಕಾಂಡಕ್ಕೂ ಬಡಿದು ಜೋರಾಗಿ ಮರಳುವುದರಿಂದ ಮುಳುಗಿದ ಕಾಡು ಹೊಳೆಯುತ್ತದೆ. ಕಡಿದಾದ ಬೆಟ್ಟಗಳಲ್ಲಿ ರೇಡಾರಿಗೂ ನೆರಳು ಬೀಳುತ್ತದೆ. ಒಂದೇ ಕಕ್ಷೆಯ, ಒಂದೇ ದಿಕ್ಕಿನಿಂದ ತೆಗೆದ ಚಿತ್ರಗಳನ್ನು ಮಾತ್ರ ಹೋಲಿಸಿ. ಉತ್ತರಕ್ಕೆ ಏರುವಾಗಿನ ಚಿತ್ರವನ್ನು ದಕ್ಷಿಣಕ್ಕೆ ಇಳಿಯುವಾಗಿನ ಚಿತ್ರದ ಜೊತೆ ಬೆರೆಸಿದರೆ ಪ್ರತಿ ಗುಡ್ಡವೂ ಬದಲಾದಂತೆ ಬರುತ್ತದೆ.

ನೆಲ ಕುಸಿಯುವುದನ್ನು, ಉಬ್ಬುವುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ರೇಡಾರ್ ವಿಧಾನವೂ ಇದೆ. 2025ರ ಜುಲೈ 30ರಂದು ನಾಸಾ ಮತ್ತು ಇಸ್ರೊ ಸೇರಿ ಹಾರಿಸಿದ ನಿಸಾರ್ ಉಪಗ್ರಹದ ಮುಖ್ಯ ಕೆಲಸಗಳಲ್ಲಿ ಅದೂ ಒಂದು. ಅದರ ಉದ್ದನೆಯ ಅಲೆ ಎಲೆಗಳ ಹೊದಿಕೆಯನ್ನು ದಾಟಿ ಒಳಗಿಳಿಯಬಲ್ಲದು. ಆದರೆ ಕುಸಿತದ ಅಳತೆ ಹೊಸಬರ ಮೊದಲ ಕೆಲಸವಲ್ಲ, ಅದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು.

ಹಂತ 8: ವಿಸ್ತೀರ್ಣ ಅಳೆಯಿರಿ, ನಕ್ಷೆಯ ಪ್ರಕ್ಷೇಪ ನೋಡಿಕೊಂಡು

ಬದಲಾದ ಪಿಕ್ಸೆಲ್ ಎಣಿಸಿ ಪಿಕ್ಸೆಲ್‌ನ ವಿಸ್ತೀರ್ಣದಿಂದ ಗುಣಿಸಿದರೆ ಆಯಿತು. ಆದರೆ ಇದನ್ನು ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲಿ ಮಾಡಲೇಬೇಡಿ (ಪ್ರಕ್ಷೇಪ ಎಂದರೆ ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಬಗೆ). ಆನ್‌ಲೈನ್ ನಕ್ಷೆಗಳು ಬಹುಪಾಲು ಅದರಲ್ಲೇ ಇರುತ್ತವೆ. ಅದರಲ್ಲಿ 45 ಡಿಗ್ರಿ ಅಕ್ಷಾಂಶದ ನೆಲ ಎರಡು ಪಟ್ಟು, 60 ಡಿಗ್ರಿಯದ್ದು ನಾಲ್ಕು ಪಟ್ಟು ದೊಡ್ಡದಾಗಿ ಬರುತ್ತದೆ. 15 ಡಿಗ್ರಿಯಲ್ಲೂ ಶೇ 7ರಷ್ಟು ಹೆಚ್ಚು. ಸೆಂಟಿನೆಲ್ 2 ಕಡತಗಳನ್ನು ಅವು ಬರುವ ಯುಟಿಎಂ ಎಂಬ ಪ್ರಕ್ಷೇಪದಲ್ಲೇ ಉಳಿಸಿಕೊಳ್ಳಿ.

ಹಂತ 9: ನಿಮ್ಮ ನಕ್ಷೆಯನ್ನು ನೀವೇ ಪರೀಕ್ಷೆಗೆ ಒಡ್ಡಿ

ನಕ್ಷೆ ಸಿದ್ಧವಾದಾಗ ಕೆಲಸ ಮುಗಿದ ಸಂತೋಷ ಇರುತ್ತದೆ. ಇನ್ನೊಂದು ದಿನ ತಡೆಯಿರಿ. ಬದಲಾಗಿದೆ ಎಂದು ಬಂದ ಭಾಗದಲ್ಲಿ ಐವತ್ತು, ಬದಲಾಗಿಲ್ಲ ಎಂದು ಬಂದ ಭಾಗದಲ್ಲಿ ಐವತ್ತು ಬಿಂದುಗಳನ್ನು ಕ್ಯೂಜಿಐಎಸ್‌ನಿಂದಲೇ ಯಾದೃಚ್ಛಿಕವಾಗಿ ಹಾಕಿಸಿ. ಪ್ರತಿ ಬಿಂದುವನ್ನೂ ಗೂಗಲ್ ಅರ್ಥ್ ಪ್ರೊದ ಹಳೆಯ ಚಿತ್ರಗಳಲ್ಲಿ ತೆರೆದು, ಅಥವಾ ಸಾಧ್ಯವಿದ್ದರೆ ಕಾಲ್ನಡಿಗೆಯಲ್ಲಿ ಹೋಗಿ, ನಿಜವಾಗಿ ಏನಾಗಿದೆ ಎಂದು ಬರೆದುಕೊಳ್ಳಿ. ನಿಮ್ಮ ಇಷ್ಟದ ಜಾಗಗಳನ್ನು ಆರಿಸಬೇಡಿ, ಕಣ್ಣು ತನಗೆ ಬೇಕಾದ್ದನ್ನೇ ಹುಡುಕುತ್ತದೆ.

ಎರಡನೇ ಐವತ್ತನ್ನು ಬಿಟ್ಟುಬಿಡುವವರೇ ಹೆಚ್ಚು. ಅದು ಏಕೆ ಅಪಾಯ ಎನ್ನುವುದಕ್ಕೆ ಒಂದು ಕಲ್ಪಿತ ಲೆಕ್ಕ ನೋಡೋಣ. ನಕ್ಷೆಯ ಪ್ರಕಾರ 120 ಹೆಕ್ಟೇರ್ ಬದಲಾಗಿದೆ, 10,000 ಹೆಕ್ಟೇರ್ ಬದಲಾಗಿಲ್ಲ. ಮೊದಲ ಐವತ್ತರಲ್ಲಿ 40 ಸರಿ. ಅಂದರೆ 120ರಲ್ಲಿ ನಿಜವಾದದ್ದು 96 ಹೆಕ್ಟೇರ್. ಎರಡನೇ ಐವತ್ತರಲ್ಲಿ 49 ಸರಿ, ಒಂದೇ ಒಂದು ತಪ್ಪು. ಶೇ 98 ಸರಿ ಎಂದು ಸಮಾಧಾನಪಡುವಂತಿಲ್ಲ. 10,000ದ ಐವತ್ತನೇ ಒಂದು ಭಾಗ 200 ಹೆಕ್ಟೇರ್. ನಕ್ಷೆ ಕಾಣದೆ ಬಿಟ್ಟದ್ದು ಕಂಡದ್ದಕ್ಕಿಂತ ಹೆಚ್ಚು. ಒಟ್ಟು ಅಂದಾಜು 296 ಹೆಕ್ಟೇರ್. ಒಂದೇ ಬಿಂದುವಿನ ಮೇಲೆ ಅಷ್ಟು ಭಾರ ಹೊರಿಸುವುದೂ ಸರಿಯಲ್ಲ, ಆದ್ದರಿಂದ ಆ ಭಾಗದಲ್ಲಿ ಇನ್ನೂ ಇನ್ನೂರು ಬಿಂದು ಹಾಕಿ ನೋಡಬೇಕು. ಇದಿಷ್ಟು ಮಾಡದೆ ‘120 ಹೆಕ್ಟೇರ್ ನಾಶ’ ಎಂದು ಬರೆದರೆ ಆ ಸಂಖ್ಯೆಗೆ ಬೆನ್ನೆಲುಬಿಲ್ಲ.

ಕಡಲತೀರ ಅಥವಾ ಕೆರೆದಂಡೆಗೆ ಹೋಗುವವರು ಫೋನಿನಲ್ಲಿ ಸ್ಥಳದ ಗುರುತು ದಾಖಲಾಗುವಂತೆ ಇಟ್ಟುಕೊಂಡು ನಾಲ್ಕೂ ದಿಕ್ಕಿಗೆ ಒಂದೊಂದು ಫೋಟೊ ತೆಗೆಯಿರಿ. ಅಲ್ಲಿ ವಾಸಿಸುವವರನ್ನು ಮಾತಾಡಿಸಿ. ನೀರು ಎಲ್ಲಿಯವರೆಗೆ ಬರುತ್ತಿತ್ತು, ಯಾವ ವರ್ಷ ನಿಂತಿತು ಎಂಬುದು ಅವರಿಗೆ ಗೊತ್ತಿರುತ್ತದೆ. ಎಷ್ಟೋ ಸಲ ಅವರ ಒಂದು ಮಾತು ಯಾವ ವರ್ಷದ ಚಿತ್ರ ತೆರೆಯಬೇಕು ಎಂಬುದನ್ನು ತಿಳಿಸಿಬಿಡುತ್ತದೆ.

ಹಂತ 10: ದೊಡ್ಡ ಪ್ರದೇಶಕ್ಕೆ, ಉದ್ದದ ಕಾಲಕ್ಕೆ

ನೂರಾರು ಚಿತ್ರಗಳನ್ನು ಇಳಿಸಿಕೊಂಡು ಕೂರಲಾಗದು. ಗೂಗಲ್ ಅರ್ಥ್ ಎಂಜಿನ್‌ನಲ್ಲಿ ದತ್ತಾಂಶ ಅವರ ಕಡೆಯೇ ಇರುತ್ತದೆ, ನಾವು ಸೂಚನೆ ಬರೆದು ಕಳಿಸಿದರೆ ಫಲಿತಾಂಶ ಬರುತ್ತದೆ. ಸಂಶೋಧನೆ, ಕಲಿಕೆಗೆ ಉಚಿತ ಖಾತೆ ಸಿಗುತ್ತದೆ. ಅಲ್ಲಿ ಸೆಂಟಿನೆಲ್ 2ರ ‘ಹಾರ್ಮನೈಸ್ಡ್’ ಸಂಗ್ರಹ ಆರಿಸಿದರೆ ಮೇಲೆ ಹೇಳಿದ 1000ದ ತೊಡಕನ್ನು ಅವರೇ ಬಿಡಿಸಿರುತ್ತಾರೆ. ಒಂದು ಋತುವಿನ ಎಲ್ಲ ಚಿತ್ರಗಳಿಂದ ಮೋಡ ತೆಗೆದು, ಪ್ರತಿ ಪಿಕ್ಸೆಲ್‌ನ ಮಧ್ಯಮ ಮೌಲ್ಯ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಆರಿಸಿ ಒಂದೇ ಶುಭ್ರ ಚಿತ್ರ ಕಟ್ಟಬಹುದು. ಕೆಲವೇ ದಿನ ಉಳಿದು ಹೋದ ಪ್ರವಾಹದಂಥದ್ದು ಈ ಮಧ್ಯಮ ಚಿತ್ರದಲ್ಲಿ ಅಳಿಸಿಹೋಗುತ್ತದೆ ಎಂಬುದನ್ನು ನೆನಪಿಡಿ. ನೀರಿನ ಇತಿಹಾಸವಷ್ಟೇ ಬೇಕಿದ್ದರೆ ಯುರೋಪಿಯನ್ ಕಮಿಷನ್‌ನ ಜಂಟಿ ಸಂಶೋಧನಾ ಕೇಂದ್ರ 1984ರಿಂದೀಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ಜಗತ್ತಿನ ನೀರಿನ ನಕ್ಷೆ ಮಾಡಿಟ್ಟಿದೆ. ಮೊದಲು ಅದನ್ನು ತೆರೆದರೆ ಅರ್ಧ ಕೆಲಸ ಉಳಿಯುತ್ತದೆ.

ಹಂತ 11: ಬರೆದಿಡುವಾಗ

ಚಿತ್ರ ಹೇಳುವುದು ಏನಾಯಿತು, ಎಲ್ಲಾಯಿತು, ಯಾವ ಎರಡು ದಿನಗಳ ನಡುವೆ ಆಯಿತು ಎಂಬುದನ್ನು. ಯಾರು ಮಾಡಿದರು, ಅನುಮತಿ ಇತ್ತೇ, ಉದ್ದೇಶವೇನು ಎಂಬುದು ಪಿಕ್ಸೆಲ್‌ನಲ್ಲಿ ಇರುವುದಿಲ್ಲ. ಹಸಿರು ಹೋಗಿ ಬರಿನೆಲ ಬಂದ ಜಾಗ ಕಡಿದದ್ದಿರಬಹುದು, ಗಾಳಿಗೆ ಬಿದ್ದದ್ದಿರಬಹುದು, ರೋಗಕ್ಕೆ ಸತ್ತದ್ದಿರಬಹುದು. ಒಂದು ನಕ್ಷೆಯ ಆಧಾರದಲ್ಲಿ ಯಾರ ಮೇಲಾದರೂ ಆರೋಪ ಹೊರಿಸುವ ಮುಂಚೆ ಬೇರೆ ದಾಖಲೆ ಬೇಕೇ ಬೇಕು. ತಪ್ಪಾದರೆ ನೋವು ಅನುಭವಿಸುವವರು ಚಿತ್ರದ ಕೆಳಗಿನ ನೆಲದಲ್ಲಿ ಬದುಕುತ್ತಿರುವ ಜನ.

ಪ್ರತಿ ನಕ್ಷೆಯ ಜೊತೆ ಉಪಗ್ರಹದ ಹೆಸರು, ಎರಡೂ ಚಿತ್ರಗಳ ತಾರೀಖು, ಕಡತಗಳ ಪೂರ್ತಿ ಹೆಸರು, ಬಳಸಿದ ಬ್ಯಾಂಡ್‌ಗಳು, ಗಡಿಯ ಮೌಲ್ಯ, ಮೋಡ ತೆಗೆದ ಬಗೆ, ಪರೀಕ್ಷಿಸಿದ ಬಿಂದುಗಳ ಸಂಖ್ಯೆ ಮತ್ತು ಅವುಗಳಲ್ಲಿ ಸರಿಬಂದವು ಎಷ್ಟು ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ. ಇನ್ನೊಬ್ಬರು ಆ ಪುಟವನ್ನಷ್ಟೇ ಇಟ್ಟುಕೊಂಡು ನಿಮ್ಮ ನಕ್ಷೆಯನ್ನು ಮತ್ತೆ ಮಾಡುವಂತಿರಬೇಕು. ಕಡತಗಳಿಗೆ ‘ಕೆರೆ ಹೊಸದು’, ‘ಕೆರೆ ಕೊನೆಯದು’ ಎಂದೆಲ್ಲ ಹೆಸರಿಡದೆ ವರ್ಷ, ತಿಂಗಳು, ದಿನದ ಕ್ರಮದಲ್ಲಿ 20240212 ಎಂದೇ ಶುರು ಮಾಡಿ. ಮುಂದಿನ ವರ್ಷ ಅದೇ ವಾರದ ಚಿತ್ರ ಬಂದಾಗ ಸಾಲಿನ ಕೊನೆಗೆ ತಾನಾಗಿ ಬಂದು ಕೂರುತ್ತದೆ.